ನೆಲದ ಬೆವರು

ಜೀಲಾಂಗ್, ಜುಲೈ. ಬೆಳಗಿನ ಏಳಕ್ಕೆ
ಕೊಲ್ಲಿಯ ಗಾಳಿ ಕಿವಿ ಕಚ್ಚುತ್ತದೆ.
ಹಳೆಯ ಉಣ್ಣೆ ಗೋದಾಮಿನ ಬಾಗಿಲು
ಭುಜ ಕೊಟ್ಟು ನೂಕಿದರೆ ಒಂದು ಮೊಳ ಸರಿಯುತ್ತದೆ.
ಒಳಗೆ ಉಣ್ಣೆಯಿಲ್ಲ, ತೂಗುವವರಿಲ್ಲ,
ಆದರೂ ಮೂಗಿಗೆ ಕುರಿಯ ಜಿಡ್ಡು.

ಬ್ರೊನ್ವಿನ್ ಹಾಲೊರನ್ ಆಗಲೇ ಬಂದಿದ್ದಾಳೆ,
ಕೈಯಲ್ಲಿ ಕಾಫಿ, ಕಂಕುಳಲ್ಲಿ ನಕ್ಷೆ.
ಅಕ್ಟೋಬರಿಗೆ ಇಲ್ಲಿ ಅಂಗಡಿಸಾಲು:
ಬ್ರೆಡ್ಡು, ಹೂವು, ಸೈಕಲ್ ರಿಪೇರಿ,
ಹಿಂಬದಿಗೆ ಮೀನು.
"ಕನ್ನಡಿ ಹಾಗಿರಬೇಕು ನೆಲ," ಅಂದಳು,
"ಮೇಲಿನ ದೀಪ ಕೆಳಗೂ ಉರಿಯಬೇಕು."

ನಾನು ಚೀಲ ಬಿಚ್ಚಿದೆ.
ಅಂಗೈಯಗಲದ ಮಾದರಿ ಬಿಲ್ಲೆಗಳು, ಹನ್ನೊಂದು.
ಎಪಾಕ್ಸಿ ಬೂದು, ಎಪಾಕ್ಸಿ ಜೇನು,
ಪಾಲಿಯುರೆಥೇನ್, ಮರಳು ಬೆರೆಸಿದ್ದು, ಬೆರೆಸದ್ದು,
ಆರು ತಿಂಗಳಿಗೊಮ್ಮೆ ಕೆರೆದು ಮತ್ತೆ ಬಳಿಯಬೇಕಾದ ಅಕ್ರಿಲಿಕ್,
ಕೊನೆಗೊಂದು ಸಾದಾ ಕಾಂಕ್ರೀಟು,
ಸೀಲರನ್ನು ಪೂರಾ ಕುಡಿದು
ಏನೂ ಆಗದವನ ಹಾಗೆ ಕೂತದ್ದು.
ಅವಳು ಅದನ್ನೇ ಮಗುಚಿ ಮಗುಚಿ ನೋಡಿದಳು:
"ಇದಕ್ಕೆ ಏನೂ ಹಾಕೇ ಇಲ್ಲವಲ್ಲ?"

ಇಪ್ಪತ್ತೆರಡು ವರ್ಷದಿಂದ ಕೇಳುತ್ತಿರುವ ಪ್ರಶ್ನೆ.
ಉತ್ತರ ನೆಲವೇ ಹೇಳಲಿ ಎಂದು
ಒಂದು ಚೌಕ ಪ್ಲಾಸ್ಟಿಕ್ ಹಾಳೆ ಹಾಸಿ
ನಾಲ್ಕೂ ಅಂಚಿಗೆ ಟೇಪು ಒತ್ತಿದೆ,
ಗಾಯಕ್ಕೆ ಪಟ್ಟಿ ಕಟ್ಟುವವನಂತೆ.
"ನಾಳೆ ನೋಡೋಣ."
"ಏನನ್ನು?"
"ಉಸಿರನ್ನು."
ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಕಂಬದಾಚೆ ಸ್ಲಾವಿಟ್ಸಾ ಒರೆಸುತ್ತಿದ್ದಳು.
ಉಣ್ಣೆಯ ಕಾಲದಿಂದ ಇರುವವಳು;
ಮಾಲೀಕರು ಐದು ಸಲ ಬದಲಾದರು, ಬಕೆಟ್ಟು ಮೂರು ಸಲ.
ಮಾಪನ್ನು ಗೋಡೆಗಾನಿಸಿ ಬಂದು ಕೇಳಿದಳು,
ನನ್ನ ಮುಖ ಬಿಟ್ಟು ಬಿಲ್ಲೆಗಳ ಮುಖ ನೋಡುತ್ತ:
"ನೀರು ಬಿದ್ದಾಗ ಯಾವುದು ಕಾಲು ಹಿಡಿಯುತ್ತೆ?"
ಅವಳ ಮುರುಕು ಇಂಗ್ಲಿಷು ನನ್ನೊಳಗೆ
ಕನ್ನಡವಾಗಿಯೇ ಇಳಿಯಿತು:
ಕಾಲು ಹಿಡಿಯುವ ನೆಲ, ಕಾಲೆಳೆಯುವ ನೆಲ.
ಲೋಕದಲ್ಲಿರುವುದು ಎರಡೇ ಜಾತಿ.
ತೋಳು ಮಡಚಿ ಎಡಮೊಣಕೈ ತೋರಿಸಿದಳು,
ಸೊಟ್ಟಗೆ ಕೂಡಿದ ಮೂಳೆ.
"ತೊಂಬತ್ತೆಂಟರ ಮೇಣ. ಎಂಥಾ ಹೊಳಪು ಅಂತೀಯ!"

ಹುಬ್ಬಳ್ಳಿಯ ಸ್ಟೇಷನ್ ರೋಡಿನ ಖಾನಾವಳಿಯಲ್ಲಿ
ನಾನು ಎಲೆ ಎತ್ತುತ್ತಿದ್ದ ಕಾಲಕ್ಕೆ
ಶಹಾಬಾದ್ ಕಲ್ಲಿಗೆ ಯಾರೂ ಏನೂ ಬಳಿದಿರಲಿಲ್ಲ.
ಬರಿಗಾಲು, ಚೆಲ್ಲಿದ ಮಜ್ಜಿಗೆ, ತೆಂಗಿನ ನಾರು,
ಮೂವತ್ತು ವರ್ಷ.
ಬಗ್ಗಿದರೆ ಮುಖ ಕಾಣುತ್ತಿತ್ತು.
ಇಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ?

ಎಪಾಕ್ಸಿಯಾದರೆ ನನಗುಳಿಯುವುದು ಮೂರು ಪಟ್ಟು.
ಆ ರಾತ್ರಿ ಹೆಂಡತಿ ಕೊಟೇಶನ್ ಎಷ್ಟಾಯಿತು ಎಂದಳು.
"ನೆಲಕ್ಕೆ ಜ್ವರ ಇರಬಹುದು," ಎಂದೆ.
"ನಿನಗೆ," ಅಂದು ದೀಪ ಆರಿಸಿದಳು.

ಬೆಳಿಗ್ಗೆ ಹಾಳೆಯ ಒಳಮೈ ತುಂಬ ಹನಿ.
ಕೆಳಗೆ ಕಾಂಕ್ರೀಟು ಕಪ್ಪಗೆ,
ಜ್ವರ ಬಿಟ್ಟ ಹಣೆ.
ಇಷ್ಟು ವರ್ಷ ಸಮುದ್ರದ ಮಗ್ಗುಲಲ್ಲಿ ಮಲಗಿದ್ದು
ಬೆವರದೆ ಇರುತ್ತದೆಯೆ?
ಇದರ ಬಾಯಿ ಮುಚ್ಚಿದರೆ
ಮೂರನೆಯ ಚಳಿಗಾಲಕ್ಕೆ ಎಪಾಕ್ಸಿ ಹಪ್ಪಳವಾಗಿ ಏಳುತ್ತದೆ,
ಮೊದಲು ಫೋರ್ಕ್‌ಲಿಫ್ಟ್ ತಿರುಗುವ ಜಾಗದಲ್ಲಿ,
ಆಮೇಲೆ ವಕೀಲರ ಕಾಗದದಲ್ಲಿ.

ಬ್ರೊನ್ವಿನ್ ಮಂಡಿಯೂರಿದಳು, ಒಳ್ಳೆಯ ಪ್ಯಾಂಟಿನಲ್ಲೇ.
ಒಂದು ಹನಿ ಬೆರಳಿಗೆ ತೆಗೆದು
ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.
"ಹಾಗಾದರೆ ಹೊಳಪು?"
"ಬರುತ್ತೆ. ತಿಕ್ಕಿದಷ್ಟು, ನಡೆದಷ್ಟು."
ಮೀನಿನ ಕಡೆಗೆ ಮಾತ್ರ
ಸಿಮೆಂಟು ಬೆರೆತ, ತೇವಕ್ಕೆ ಹೆದರದ, ಮರಳಿನ ಮೈಯದು;
ಉಳಿದದ್ದಕ್ಕೆಲ್ಲ ಕುಡಿಯುವ ಸೀಲರ್.
ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಸ್ಲಾವಿಟ್ಸಾ ಮರಳಿನ ಬಿಲ್ಲೆಗೆ ಬಕೆಟ್ಟಿನ ನೀರು ಚಿಮುಕಿಸಿ
ಬೂಟಿನ ಹಿಮ್ಮಡಿ ಊರಿ ತಿರುವಿದಳು.
ಕರ್‍ ಎಂದಿತು.

ಟೇಪು ಕಿತ್ತೆ.
ಒದ್ದೆ ಚೌಕ ಅಂಚಿನಿಂದ ಒಳಕ್ಕೆ
ಆರುತ್ತ ಬರುವುದನ್ನು
ಮೂವರೂ ನಿಂತು ನೋಡಿದೆವು.
ಮೊದಲು ಆರಿದ್ದು ಕಾಫಿ.